ಮೇಲಿನಿಂದ ಹಾಕಿದ ಗುಳಿಗೆ

ಗದಗ,
೧೮ ನವೆಂಬರ್ ೧೯೫೬, ರವಿವಾರ

ಚಿ. ಸೌ. ಗೋದಾವರಿಗೆ ನಿನ್ನ ಅವ್ವನ ಆಶೀರ್ವಾದ. ನಾನು ಆರಾಮ ಇದ್ದೇನೆ. ಶಿರಹಟ್ಟಿಯಲ್ಲಿ ನೀನು, ಅಳಿಯ ಅನಂತರಾಯರು, ನಿಮ್ಮ ಅತ್ತೆ ಅಂಬುಬಾಯಿಯವರು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು, ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಎರಡನೆಯ ಸಾಲಿಗೇ ತೂಕಡಿಸಿದೆ. ಒಮ್ಮೆಯಂತೂ ನಿನ್ನ ಹೆಸರು ಬರೆದು, ಅದರ ಕೆಳಗೆ ಪರೀಕ್ಷೆಗೆ ಓದಿದ ಕೈಯೆಲುಬುಗಳ ಹೆಸರು ಬರೆದಿಟ್ಟಿದ್ದೆ!

ನಿನ್ನ ಪತ್ರದ ಮಾತು ಮನಸ್ಸಿನಿಂದ ಹೋಗಿಲ್ಲ. ಎಲ್ಲ ಜಾತಿಯವರ ಮೈಲಿಗೆ ಮುಟ್ಟುವ ದವಾಖಾನೆಯ ಕೆಲಸವನ್ನು ನಾನು ಬಿಟ್ಟರೆ ಮಾತ್ರ ನಿನ್ನನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವುದಾಗಿ ಅತ್ತೆಯವರು ಹೇಳಿದ್ದಾರೆಂದು ಬರೆದಿದ್ದೀ. ಮೊದಲ ಬಾಣಂತನ ತಾಯಿಯ ಮನೆಯಲ್ಲಿ ಆಗದೆ ಇನ್ನೆಲ್ಲಿ ಆಗಬೇಕು? ಕುಬಸದ ಶಾಸ್ತ್ರ ಮುಗಿದ ಕೂಡಲೇ ನಿನ್ನನ್ನು ಕರೆತರಬೇಕೆಂದು ಒಳಕೋಣೆಗೆ ಸುಣ್ಣ ಹೊಡೆಸಿಟ್ಟಿದ್ದೇನೆ. ಆದರೆ ಸೂಲಗಿತ್ತಿಯ ಪರೀಕ್ಷೆ ಡಿಸೆಂಬರ್ ಇಪ್ಪತ್ತಕ್ಕಿದೆ. ಹದಿನಾಲ್ಕು ತಿಂಗಳು ಶಾಲೆ, ದವಾಖಾನೆ ಎರಡೂ ಕಡೆ ದುಡಿದು ದಡ ಸೇರುವ ಹೊತ್ತಿನಲ್ಲಿ ಬಿಡು ಎಂದರೆ ಹೇಗೆ ಬಿಡಲಿ?

ನನ್ನ ದಿನಚರಿ ಕೇಳು. ಬೆಳಗ್ಗೆ ಆರಕ್ಕೆ ಬೆಟಗೇರಿಯ ದವಾಖಾನೆ. ಒಂಬತ್ತೂವರೆಗೆ ಮನೆಗೆ ಬಂದು, ಸ್ನಾನ ಮಾಡಿ, ನಾಲ್ಕು ತುತ್ತು ಉಂಡು, ಹನ್ನೊಂದಕ್ಕೆ ಕನ್ಯಾಶಾಲೆ. ಸಂಜೆ ಆರಕ್ಕೆ ಮತ್ತೆ ದವಾಖಾನೆಯಲ್ಲಿ ಡಾಕ್ಟರಬಾಯಿಯ ಪಾಠ. ಹೆರಿಗೆ ಕಾಯುತ್ತ ಕೂತಾಗ ಹುಡುಗಿಯರ ಶುದ್ಧಲೇಖನ ತಿದ್ದುತ್ತೇನೆ. ಒಂದು ಪುಸ್ತಕಕ್ಕೆ ಟಿಂಚರ್ ಚೆಲ್ಲಿಬಿಟ್ಟೆ. ಆ ಹುಡುಗಿ ಅಳುತ್ತಾಳೆಂದುಕೊಂಡರೆ, ಆ ಕಲೆಯನ್ನು ಎಲ್ಲರಿಗೂ ತೋರಿಸುತ್ತ ಮೆರೆಯುತ್ತಿದ್ದಾಳೆ. ಹೋದ ವಾರ ಒಬ್ಬಳು ಹೊಟ್ಟೆನೋವು ಅಂದಳು. ಅಭ್ಯಾಸಬಲದಿಂದ "ನಾಲಿಗಿ ತಗಿ" ಅಂದೆ. ಮೂರನೆಯ ಇಯತ್ತೆ ಪೂರ್ತಿ ನಾಲಿಗೆ ಚಾಚಿ ನಿಂತಿತು. ಅದೇ ಹೊತ್ತಿಗೆ ಇನ್‌ಸ್ಪೆಕ್ಟರರು ಬಾಗಿಲಲ್ಲಿ!

ಮೂವತ್ತೊಂಬತ್ತರ ವಯಸ್ಸಿಗೆ ಇದೇನು ಹುಚ್ಚು ಎಂದು ನೀನು ಕೇಳಿದ್ದೀ. ಖರೆ ಹೇಳುತ್ತೇನೆ, ಸೇವೆ ಗೀವೆ ಅಂತ ದೊಡ್ಡ ಮಾತಲ್ಲ. ನೇಕಾರರ ಬಸವಣ್ಣೆವ್ವ ಎಂಬ ಹುಡುಗಿ ಆರೋಗ್ಯದ ಪಾಠದಲ್ಲಿ ಎದ್ದು ನಿಂತು, "ಬಾಯಾರ, ಕೂಸು ಹೊಟ್ಟ್ಯಾಗ ಹೆಂಗ ಉಸರಾಡಸತೈತ್ರಿ?" ಎಂದು ಕೇಳಿದಳು. ನಿನ್ನನ್ನು ಒಂಬತ್ತು ತಿಂಗಳು ಹೊತ್ತವಳಿಗೆ ಉತ್ತರ ಗೊತ್ತಿರಲಿಲ್ಲ. ನಾಚಿಕೆಯಾಯಿತು. ನಾಳೆ ಹೇಳುತ್ತೇನೆಂದು ದವಾಖಾನೆಗೆ ಕೇಳಲು ಹೋದೆ. ಕೂಸು ಉಸಿರಾಡುವುದೇ ಇಲ್ಲ, ತಾಯಿಯ ರಕ್ತದಿಂದಲೇ ಅದಕ್ಕೆ ಬೇಕಾದ ಗಾಳಿ ಸಿಗುತ್ತದೆ ಎಂದರು ಡಾಕ್ಟರಬಾಯಿ. ಹಾಗಾದರೆ ಎರಡು ರಕ್ತ ಕೂಡುತ್ತವೇನು? ಇಲ್ಲವಂತೆ! ಕೂಡದೆ ಹೇಗೆ ಸಿಗುತ್ತದೆ? ಕೇಳುತ್ತ ಹೋದೆ. ಅವರು ಬೇಸತ್ತು, "ಇಷ್ಟು ಕೇಳೂದಿದ್ರ ಹೆಸರು ಹಚ್ಚಿ ಕಲೀರಿ" ಎಂದರು. ಹಚ್ಚಿದೆ.

ಮೊದಲ ವಾರ ಮಾಡಿದ ತಪ್ಪು ಕೇಳಿದರೆ ನಗುತ್ತೀ. ರಸೂಲಬಿ ಎಂಬ ಬಸುರಿಗೆ ಜ್ವರದ ಗುಳಿಗೆ ಕೊಡಬೇಕಿತ್ತು. ಅವಳು ಅಂಗೈ ಒಡ್ಡಿದಳು. ನಾನು ಮಡಿಯಲ್ಲಿದ್ದವರ ಹಾಗೆ, ಕೈಗೆ ಕೈ ತಾಗಬಾರದೆಂದು ಮೇಲಿನಿಂದ ಬೀಳಿಸಿದೆ. ಗುಳಿಗೆ ಪುಟಿದು ಹಾಸಿಗೆಯ ಕೆಳಗೆ ಹೋಯಿತು. ಮತ್ತೊಂದು ತಂದೆ, ಅದನ್ನೂ ಮೇಲಿನಿಂದಲೇ ಹಾಕಿದೆ. ನಾನು ಹಾಗೆ ಮಾಡುತ್ತಿದ್ದೇನೆಂಬ ಎಚ್ಚರವೇ ನನಗಿರಲಿಲ್ಲ. ಅವಳು ಸಿಟ್ಟಾಗಲಿಲ್ಲ. ನಿಜವಾಗಿ ತಿಳಿಯದವಳಂತೆ ಕೇಳಿದಳು, "ಬಾಯಾರ, ಇನ್ನ ನಾಡಿ ನೋಡ್ಬೇಕಲ್ರಿ, ಅದನ್ನೂ ಮ್ಯಾಲಿಂದನ ನೋಡ್ತೀರೇನ?"

ಅಕ್ಕಪಕ್ಕದ ಹಾಸಿಗೆಯವರೆಲ್ಲ ನಕ್ಕರು. ನನಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಕೂತು ಅವಳ ಮುಂಗೈ ಹಿಡಿದೆ. ಬಿಸಿಯಾಗಿತ್ತು, ಬೆವರಿತ್ತು. ಗಡಿಯಾರ ನೋಡುತ್ತ ಎಣಿಸಿದೆ, ತೊಂಬತ್ತೆಂಟು. ಬಿಟ್ಟ ಮೇಲೆ ನನ್ನ ನಾಡಿಯನ್ನೂ ಎಣಿಸಿಕೊಂಡೆ, ನೂರಾಹತ್ತು! ಯಾರಿಗೆ ಜ್ವರವೋ ದೇವರೇ ಬಲ್ಲ.

ಮರುದಿನ ಅದೇ ರಸೂಲಬಿಯ ಹೊಟ್ಟೆಯ ಮೇಲೆ ಕಟ್ಟಿಗೆಯ ತುತ್ತೂರಿಯಂಥದೊಂದನ್ನು ಇಟ್ಟು ಕಿವಿ ಹಚ್ಚಲು ಹೇಳಿದರು. ಮೊದಲು ಏನೂ ಕೇಳಲಿಲ್ಲ. ಉಸಿರು ಬಿಗಿಹಿಡಿದೆ. ಆಗ ಟಿಕ್ ಟಿಕ್ ಎಂದು ಕೂಸಿನ ಎದೆಬಡಿತ, ನಿಮಿಷಕ್ಕೆ ನೂರಾನಲವತ್ತು. ಇಷ್ಟು ಅವಸರದಲ್ಲಿ ಅದು ಎಲ್ಲಿಗೆ ಹೊರಟಿದೆ ಎಂದು ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ನೀನೂ ನನ್ನೊಳಗೆ ಹೀಗೇ ಬಡಿದುಕೊಳ್ಳುತ್ತಿದ್ದಿರಬೇಕು, ನಾನು ಕೇಳಿಯೇ ಇರಲಿಲ್ಲ. ನಿನ್ನ ಹೊಟ್ಟೆಯಲ್ಲಿರುವುದನ್ನಾದರೂ ಕೇಳಬೇಕೆಂದು ಅಂದಿನಿಂದ ಆಸೆ ಇಟ್ಟುಕೊಂಡಿದ್ದೇನೆ.

ಇಲ್ಲಿಯ ಇನ್ನೊಂದು ಖಬರ. ಒಂದನೆಯ ತಾರೀಖು ರಾಜ್ಯ ಒಂದಾಯಿತೆಂದು ಪೇಢೆ ಹಂಚಿದೆವು, ಮುಂಬೈ ರಾಜ್ಯದ ನಕಾಶೆಯನ್ನು ಗೋಡೆಯಿಂದ ಇಳಿಸಿದೆವು. ಪರೀಕ್ಷೆಯ ಅರ್ಜಿ ಮಾತ್ರ ಮುಂಬೈಗೇ ಹೋಗಿದೆ. ಪಾಸಾದರೆ ಪ್ರಮಾಣಪತ್ರ ಅಲ್ಲಿಂದ ಬರುವುದೋ ಬೆಂಗಳೂರಿನಿಂದಲೋ ಎಂದು ಕೇಳಿದರೆ ಕಾರಕೂನರು ತಲೆ ಕೆರೆದುಕೊಂಡರು. ಎಲ್ಲಿಂದ ಬಂದರೂ ಸರಿ, ಬಂದರಾಯಿತು.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಇಷ್ಟು ಹೇಳು: ದವಾಖಾನೆಯಿಂದ ಬಂದು ಸ್ನಾನ ಮಾಡದೆ ನಾನು ಒಲೆ ಮುಟ್ಟುವುದಿಲ್ಲ, ನಿನ್ನನ್ನೂ ಮುಟ್ಟುವುದಿಲ್ಲ. ಸಜ್ಜಕ ಬೇಕೆನ್ನಿಸಿದಾಗ ಮಾಡಿಕೊಂಡು ತಿನ್ನು, ಭಾರದ ಕೊಡ ಎತ್ತಬೇಡ, ಕಾಲು ಬಾತರೆ ಆ ದಿನವೇ ತಿಳಿಸು. ಮಾಘದಲ್ಲಿ ನೀನು ಸುಖವಾಗಿ ಹಡೆದು ಎದ್ದು ಕೂತರೆ ನನಗೆ ಅದಕ್ಕಿಂತ ಬೇರೆ ಏನೂ ಬೇಡ.

ನಿನ್ನ ಅವ್ವ,
ಯಮುನಾಬಾಯಿ

ತಾ. ಕ.: ಪತ್ರ ಮಡಿಚಿಟ್ಟಿದ್ದೆ, ಮತ್ತೆ ಬಿಚ್ಚಿದೆ. ಹೋದ ಗುರುವಾರ ಅನಂತರಾಯರು ಕಚೇರಿ ಕೆಲಸಕ್ಕೆ ಗದಗಿಗೆ ಬಂದವರು ಶಾಲೆಗೂ ಬಂದಿದ್ದರು. ನಿಮ್ಮ ತಾಯಿಯವರನ್ನು ಒಪ್ಪಿಸಲು ಆಗದೇ ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಅವರು ತಲೆ ತಗ್ಗಿಸಿ, "ಅವ್ವಂದೇನೂ ಇಲ್ರಿ ಅತ್ಯಾ, ಆಕಿ ಎಂದೋ ಒಪ್ಪ್ಯಾಳ. ಒಲ್ಲೆ ಅನ್ಲಿಕ್ಕೆ ಹತ್ತಿದಾಕಿ ಗೋದಾವರಿನ. ನೀವು ಮುಟ್ಟಿದ್ರ ಹೇಸಿಕಿ ಬರ್ತದ ಅಂತಾಳ" ಎಂದರು.

ಈ ಪತ್ರ ಪೂರ್ತಿ ಅತ್ತೆಯವರ ಮಾತೆಂದೇ ನಟಿಸಿ ಬರೆದೆ, ಇನ್ನು ಆಗದು. ನನಗೆ ಬಹಳ ನೋವಾಗಿದೆ ಗೋದೂ. ಆದರೆ ನಿನ್ನನ್ನು ಬೈಯಲು ಬಾಯಿ ಬರುವುದಿಲ್ಲ. ಮುಟ್ಟಬೇಡ, ದೂರ ನಿಲ್ಲು ಎಂದು ಚಿಕ್ಕಂದಿನಿಂದ ನಿನಗೆ ಕಲಿಸಿದವಳು ನಾನೇ. ನಾನು ಮರೆಯುವುದರೊಳಗೆ ನೀನು ಅದನ್ನು ಚೆನ್ನಾಗಿ ಕಲಿತಿದ್ದೀ.

ಪರೀಕ್ಷೆ ನಾನು ಬಿಡುವುದಿಲ್ಲ. ಬರಲು ಮನಸ್ಸಿಲ್ಲದಿದ್ದರೆ ಬರಬೇಡ, ಶಿರಹಟ್ಟಿಯಲ್ಲೇ ಯಾರನ್ನಾದರೂ ಕರೆಸಿಕೋ. ಬಂದವರು ಮೊದಲು ಮೊಣಕೈತನಕ ಸಬಕಾರ ಹಚ್ಚಿ ತೊಳೆದುಕೊಳ್ಳಲಿ. ಹೊಕ್ಕಳು ಕಟ್ಟುವ ಹುರಿಯೂ ಕತ್ತರಿಯೂ ಇಪ್ಪತ್ತು ನಿಮಿಷ ಕುದಿಯಲಿ. ಇಷ್ಟು ಮಾಡಿಸು. ಕೂಸನ್ನು ಹಿಡಿಯುವ ಕೈ ನನ್ನದೇ ಆಗಬೇಕೆಂದಿಲ್ಲ.