ಹದಿನೈದು ನಂಬರ್, ಒಂದೇ ಉಸಿರು

ಜೂನ್ 6, ಶನಿವಾರ. ಸಂಜೆ 5.30

ಇವತ್ತಿನ ಹೌಸಿಯಲ್ಲಿ ಹೌಸ್ ಆದದ್ದು ಪೋಸ್ಟ್‌ಮಾಸ್ಟರಿಗೆ. ನನಗಿನ್ನೂ ಒಂಬತ್ತು ನಂಬರ್ ಬಾಕಿ. ನನ್ನಾಕೆಗೆ ಎಂಟು. ಶುರುವಾಯಿತು ಅನ್ನುವಷ್ಟರಲ್ಲಿ ಆಟ ಮುಗಿದೇ ಹೋಯಿತು.

ಕೊರೋನಾದಿಂದ ನಿವೃತ್ತರ ಕ್ಲಬ್ಬಿಗೆ ಬೀಗ ಬಿದ್ದು ಎರಡೂವರೆ ತಿಂಗಳು. ಕೇರಂ ಇಲ್ಲ, ಹರಟೆ ಇಲ್ಲ. ಉಳಿದದ್ದು ಶನಿವಾರ ನಾಲ್ಕಕ್ಕೆ ಫೋನಿನಲ್ಲಿ ಹೌಸಿ. ಹನ್ನೊಂದು ಜನ. ಎಲ್ಲರಿಗೂ ಒಂದೊಂದು ಖಾಯಂ ರಟ್ಟಿನ ಟಿಕೆಟ್ಟು, ನಂಬರಿನ ಮೇಲಿಡಲು ನಮ್ಮ ಟೈಲರ್ ಕೊಟ್ಟ ಹಳೆಯ ಗುಂಡಿಗಳು. ಚೀಲದ ತೊಂಬತ್ತು ನಂಬರಿನಿಂದ ಒಂದೊಂದೇ ತೆಗೆದು ಕೂಗುವವರು ಹಾಡಿನ ಟೀಚರ್; ಟಿಕೆಟ್ಟಿನ ಹದಿನೈದನ್ನೂ ಮೊದಲು ಮುಚ್ಚಿದವರಿಗೆ ಹೌಸ್. ಬಹುಮಾನದ ಚೀಲವನ್ನು ಗೆದ್ದವರ ಗೇಟಿಗೆ ಅವರೇ ತಂದುಕೊಡುತ್ತಾರೆ. ಅವರದೊಂದು ರೂಲು ಬೇರೆ—ಹಾಜರಿ ಅಂದರೆ ಟಿಕೆಟ್ಟಿನ ಹದಿನೈದು ನಂಬರನ್ನೂ ಒಂದೇ ಉಸಿರಿನಲ್ಲಿ ಓದಬೇಕು. ಈ ವಯಸ್ಸಿನಲ್ಲಿ ಮಗ್ಗಿ ಒಪ್ಪಿಸುವ ಕರ್ಮ.

ನನಗೆ ಒಂದು ಸಲವಾದರೂ ಬರಬಾರದಾ ಎಂದು ನನ್ನಾಕೆಯ ಗೊಣಗಾಟ. ಚೀಲದಲ್ಲಿರುವುದು ಸೋಪು, ಬಿಸ್ಕತ್ತು. ಅದಕ್ಕೇ ಇಷ್ಟು ಆಸೆ.

ಜೂನ್ 20, ಶನಿವಾರ

ಪೋಸ್ಟ್‌ಮಾಸ್ಟರ್ ಎರಡು ವಾರದಿಂದ ಆಟಕ್ಕಿಲ್ಲ. ಫೋನ್ ಮಾಡಿದರೆ ಅವರ ಹೆಂಡತಿ—ಮಲಗಿದ್ದಾರೆ, ಆಮೇಲೆ ಮಾಡ್ತಾರೆ. ಮಾಡಲಿಲ್ಲ. ಗೆದ್ದವರು ಹೀಗೆ ಮುಖ ಮರೆಸಿಕೊಳ್ಳುವುದು ಯಾಕೆ?

ಇವತ್ತು ಲೈಬ್ರರಿಯಮ್ಮನಿಗೆ ಹೌಸ್. ಮತ್ತೆ ಬೇಗ.

ಮೂವತ್ತಾರು ವರ್ಷ ರೈಲಿನಲ್ಲಿ ಟಿಕೆಟ್ ಚೆಕ್ ಮಾಡಿದ್ದೇನೆ. ನಿದ್ದೆ ಯಾವುದು, ನಿದ್ದೆಯ ನಾಟಕ ಯಾವುದು ಅಂತ ಕಾಲಿನ ಬೆರಳು ನೋಡಿ ಹೇಳಬಲ್ಲೆ. ಈ ಆಟದಲ್ಲಿ ಯಾರೋ ನಿದ್ದೆಯ ನಾಟಕ ಮಾಡುತ್ತಿದ್ದಾರೆ.

ಜೂನ್ 27, ಶನಿವಾರ

ಅಂದುಕೊಂಡಂತೆಯೇ ಆಯಿತು. ಲೈಬ್ರರಿಯಮ್ಮ ನಾಪತ್ತೆ! ಪೋಸ್ಟ್‌ಮಾಸ್ಟರ್ ವಾಪಸ್. ಎಲ್ಲಿದ್ದಿರಿ ಎಂದರೆ ಸ್ವಲ್ಪ ಕೆಲಸವಿತ್ತು ಅಂದರು. ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿರುವಾಗ ಎಂಥ ಕೆಲಸ?

ಟೀಚರ್ ಚೀಲದಲ್ಲೇ ರೋಗ ಹೊತ್ತು ತಿರುಗುತ್ತಿದ್ದಾರೋ? ಅಥವಾ ಬೇಕಾದವರನ್ನು ಗೆಲ್ಲಿಸುತ್ತಿದ್ದಾರೋ? ನನ್ನಾಕೆಗೆ ಹೇಳಿದೆ. "ರೀ, ರಿಟೈರ್ ಆಗಿದ್ದು ನೀವು ಮಾತ್ರ. ನಿಮ್ಮ ಅನುಮಾನ ಇನ್ನೂ ಡ್ಯೂಟಿ ಮೇಲಿದೆ" ಎಂದಳು. ಹೇಳಿದ್ದೇ ತಪ್ಪಾಯಿತು.

ಜುಲೈ 4, ಶನಿವಾರ. ಸಂಜೆ 6

ಈ ಸಲ ಆಡಲಿಲ್ಲ. ಕೂಗಿದ ನಂಬರನ್ನೆಲ್ಲ ಬರೆದುಕೊಂಡೆ. ಓವರ್‌ಸಿಯರಿಗೆ ಹೌಸ್—ನಲವತ್ತೆರಡನೇ ನಂಬರಿಗೇ! ಕ್ಲಬ್ಬಿನ ಹಾಲ್‌ನಲ್ಲಿ ಎಪ್ಪತ್ತು ದಾಟದೆ ಹೌಸ್ ಆದದ್ದು ನನಗೆ ನೆನಪಿಲ್ಲ.

ಎಲ್ಲರ ಟಿಕೆಟ್ಟಿನ ನಕಲೂ ಟೀಚರ್ ಹತ್ತಿರ ಇದೆ. ನಂಬರಿನ ಚೀಲಕ್ಕೆ ಅವರು ಕೈ ಹಾಕಿದ್ದನ್ನು ಕಂಡವರು ಯಾರು? ಫೋನಿನಲ್ಲಿ ಬರುವುದು ದನಿ ಮಾತ್ರ.

ಟೈಲರಿಗೆ ಫೋನ್ ಮಾಡಿದೆ. ಕ್ಲಬ್ಬಿನ ಬೆಂಚಿನಲ್ಲಿ ಒಂಬತ್ತು ವರ್ಷ ನನ್ನ ಪಕ್ಕ ಕೂತವನು. ಒಂದು ಸೋಪಿಗೆ ಇಷ್ಟು ದೊಡ್ಡ ತನಿಖೆಯಾ, ಬಿಡಪ್ಪ ಅಂದ. ಬಿಡುವ ಜಾತಿಯಲ್ಲ ನಾನು.

ಜುಲೈ 11, ಶನಿವಾರ

ಹಾಜರಿ ಮುಗಿದ ಕೂಡಲೇ, ಮೊದಲ ನಂಬರ್ ಕೂಗುವ ಮುಂಚೆ, ಎಲ್ಲರ ಎದುರಿಗೇ ಎತ್ತಿದೆ. ನಲವತ್ತೆರಡರ ಲೆಕ್ಕ ಹೇಳಿದೆ. ಟೀಚರ್, ನೀವು ಚೀಲದಿಂದ ತೆಗೆದು ಕೂಗುತ್ತೀರೋ, ಟಿಕೆಟ್ ನೋಡಿ ಕೂಗುತ್ತೀರೋ ಎಂದು ಕೇಳಿದೆ.

ಪೋಸ್ಟ್‌ಮಾಸ್ಟರ್ ಏನೋ ಹೇಳಹೊರಟು ನಿಲ್ಲಿಸಿದರು. ಟೀಚರ್ ವಾದಿಸಲಿಲ್ಲ. ಇವತ್ತೊಂದು ದಿನ ಆಡಿಬಿಡೋಣ, ಮುಂದಿನ ವಾರದಿಂದ ನೀವೇ ಕೂಗಿ ಎಂದರು. ಇವತ್ತೊಂದು ದಿನವೂ ಬೇಡ ಅಂದೆ. ಆಟ ನಿಂತಿತು.

ತಪ್ಪಿಲ್ಲದವರು ಜಗಳವಾಡುತ್ತಾರೆ. ಇವರು ಒಪ್ಪಿಕೊಂಡ ಹಾಗೇ ಆಯಿತಲ್ಲ.

ಜುಲೈ 18, ಶನಿವಾರ

ಟೀಚರ್ ಕಳಿಸಿದ ನಂಬರಿನ ಚೀಲ ಹಿಡಿದು ನಾನೇ ಕೂಗಿದೆ. ಉಸಿರು ಹಿಡಿಯುವ ರೂಲು ರದ್ದು, ಹಾಜರ್ ಅಂದರೆ ಸಾಕು ಎಂದೆ. ಎಲ್ಲರೂ ಹಾಜರ್ ಅಂದರು. ಟೈಲರೂ ಅಂದ. ಅಷ್ಟೇ ಅಂದ. ಸಾಮಾನ್ಯವಾಗಿ ಒಂದಕ್ಕೆ ಹತ್ತು ಮಾತಾಡುವವನು.

ಎಪ್ಪತ್ತಮೂರನೇ ನಂಬರಿಗೆ ಹೌಸ್. ನ್ಯಾಯವಾದ ಆಟ. ಆದರೂ ಯಾರಿಗೂ ಲವಲವಿಕೆ ಇಲ್ಲ... ನನ್ನ ಮೇಲೆ ಎಲ್ಲರಿಗೂ ಮುನಿಸೋ ಏನೋ. ಇರಲಿ.

ಜುಲೈ 23, ಗುರುವಾರ. ಬೆಳಗ್ಗೆ 11

ಟೈಲರ್ ಆಸ್ಪತ್ರೆಯಲ್ಲಿ. ನಸುಕಿನಲ್ಲಿ ಕರೆದೊಯ್ದರಂತೆ. ತುಟಿ ನೀಲಿಯಾಗಿತ್ತು ಎಂದು ಅವನ ಸೊಸೆ ಅತ್ತಳು. ಹನ್ನೆರಡು ದಿನದಿಂದ ಏದುಸಿರಂತೆ. ಯಾರಿಗೂ ಹೇಳಲಿಲ್ಲ. ಬೇರೆ ಕೋಣೆಗೆ ಹಾಕಿಬಿಡುತ್ತಾರೆ ಅನ್ನುವ ಭಯ.

ಹನ್ನೆರಡು ದಿನ. ಅಂದರೆ ನಾನು ಆಟ ನಿಲ್ಲಿಸಿದ ಶನಿವಾರ.

ಮಧ್ಯಾಹ್ನ 3

ಪೋಸ್ಟ್‌ಮಾಸ್ಟರ್ ಫೋನ್. ಇನ್ನು ಬಾಯಿ ಮುಚ್ಚಿಕೊಂಡಿರಲಾರೆ ಎಂದರು. ಗೆದ್ದ ದಿನ ಚೀಲದಲ್ಲಿ ಸೋಪಿನ ಜೊತೆ ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಮೀಟರ್ ಇತ್ತಂತೆ. ಗೇಟಿನ ಆಚೆ ನಿಂತು ಟೀಚರ್ ಹಾಕಿಸಿ ನೋಡಿದರಂತೆ. ತೊಂಬತ್ತೈದಾದರೂ ಇರಬೇಕಾದಲ್ಲಿ ಎಂಬತ್ತೊಂಬತ್ತು. ಅವತ್ತೇ ಆಸ್ಪತ್ರೆ. "ಬೀದಿಯವರಿಗೆ ಗೊತ್ತಾಗಬಾರದು ಅಂತ ನಾವೇ ಟೀಚರ್ ಕೈಲಿ ಆಣೆ ಹಾಕಿಸಿಕೊಂಡಿದ್ವಿ. ಅವರು ನಿಮ್ಮ ಹತ್ರ ಬೈಸಿಕೊಂಡ್ರು, ಬಾಯಿ ಬಿಡಲಿಲ್ಲ."

ನಂಬರಿನ ಚೀಲ ತೆಗೆದು ಬಾಗಿಲ ಬಳಿ ಇಟ್ಟೆ.

ಜುಲೈ 24, ಶುಕ್ರವಾರ

ನಂಬರಿನ ಚೀಲ ತೆಗೆದುಕೊಂಡು ಟೀಚರ್ ಗೇಟಿಗೆ ಹೋದೆ. ಕ್ಷಮಿಸಿ ಅನ್ನುವ ಮೊದಲು ಅವರೇ ಮಾತಾಡಿದರು.

"ನಲವತ್ತು ವರ್ಷ ಮಕ್ಕಳಿಗೆ ಹಾಡು ಕಲಿಸಿದೀನಿ. ಯಾರು ಎಲ್ಲಿ ಉಸಿರು ಕದೀತಾರೆ ಅಂತ ಕಿವಿಗೆ ಗೊತ್ತಾಗುತ್ತೆ. ನೀವು ಪ್ರತಿ ವಾರ ಹನ್ನೊಂದನೇ ನಂಬರಿಗೆ ನಿಲ್ತೀರಿ. ನಿಮ್ಮನೆಯವರು ಹದಿಮೂರನೇದಕ್ಕೆ. ಯಾರದ್ದಾದ್ರೂ ಅದು ಹಿಂದಕ್ಕೆ ಬಂತೋ, ಆ ವಾರ ಅವರನ್ನ ಗೆಲ್ಲಿಸ್ತೀನಿ. ಹುಷಾರಿದೀರಾ ಅಂತ ಕೇಳಿದ್ರೆ ಎಲ್ಲರೂ ಹುಷಾರೇ. ಬಹುಮಾನ ಅಂದ್ರೆ ಮಾತ್ರ ಗೇಟಿಗೆ ಬರ್ತಾರೆ."

ಟೈಲರ್? ನಾನು ಆಟ ನಿಲ್ಲಿಸಿದ ದಿನ ಅವನು ಐದನೇ ನಂಬರಿಗೇ ನಿಂತಿದ್ದನಂತೆ. ಆಮೇಲೆ ಮೂರು ಸಲ ಅವನ ಮನೆಗೆ ಹೋದರಂತೆ. ಕಿಟಕಿಯಿಂದ ಕೈ ಬೀಸಿದ, ಕೆಳಗಿಳಿಯಲಿಲ್ಲ.

ಅಷ್ಟು ಬೇಗ ಯಾಕೆ ಮುಗಿಸುತ್ತಿದ್ದಿರಿ ಎಂದು ಕೇಳಿದೆ. ಹಾಳು ಅಭ್ಯಾಸ. "ಉಸಿರು ಎಷ್ಟು ಕಮ್ಮಿಯೋ ಅಷ್ಟು ಬೇಗ ಮುಗಿಸ್ತಿದ್ದೆ. ಚೀಲ ತಲುಪಬೇಕಲ್ಲ."

ಯಾರಿಗೂ ಹೇಳಬೇಡಿ, ನಿಮ್ಮ ಮನೆಯವರಿಗೂ ಬೇಡ ಅಂದರು. ಗೊತ್ತಾದರೆ ಗೆದ್ದವರು ಹೆದರುತ್ತಾರೆ. ನಂಬರಿನ ಚೀಲ ಅವರ ಗೇಟಿಗೆ ನೇತುಹಾಕಿ ಬಂದೆ. ದಾರಿಯುದ್ದಕ್ಕೂ ನಾಚಿಕೆ.

ಆಗಸ್ಟ್ 1, ಶನಿವಾರ. ಸಂಜೆ 4.40

ಟೈಲರ್ ಇನ್ನೂ ಆಕ್ಸಿಜನ್ ಮೇಲೆ. ನಿನ್ನೆ ಎರಡು ಮಾತಾಡಿದನಂತೆ. ಗುಂಡಿ ವಾಪಸ್ ಕೇಳ್ತೀನಿ, ಎಣಿಸಿಡೋಕೆ ಹೇಳು ಎಂದನಂತೆ. ಬದುಕುತ್ತಾನೆ ಕಳ್ಳ.

ಟೀಚರೇ ಕೂಗಿದರು. ಉಸಿರಿನ ಹಾಜರಿ ಮತ್ತೆ ಬೇಕೆಂದು ನಾನೇ ಹೇಳಿದೆ. ಎಲ್ಲರಿಗೂ ಆಶ್ಚರ್ಯ. ನಾನು ಹನ್ನೊಂದನೇ ನಂಬರಿಗೆ ನಿಂತೆ. ನನ್ನಾಕೆ ಆರನೇದಕ್ಕೆ. ನಕ್ಕಳು. ಈಗಷ್ಟೇ ಮೆಟ್ಟಿಲು ಹತ್ತಿ ಬಂದೆ ಟೀಚರ್ ಅಂದಳು. ಹತ್ತಿರಲಿಲ್ಲ. ಮಧ್ಯಾಹ್ನದಿಂದ ಆ ಕುರ್ಚಿ ಬಿಟ್ಟು ಎದ್ದಿಲ್ಲ.

ಟೀಚರ್ ಉಳಿದವರ ಹಾಜರಿ ಮುಗಿಸಿದರು. ಆಮೇಲೆ ಕೂಗತೊಡಗಿದರು.

ನನ್ನ ಟಿಕೆಟ್ಟು ನೋಡಲೇ ಇಲ್ಲ. ಅವಳದನ್ನೇ ನೋಡಿದೆ. ಹತ್ತನೇ ನಂಬರಿನ ಹೊತ್ತಿಗೆ ಆರು ಗುಂಡಿ. ಇಪ್ಪತ್ತಕ್ಕೆ ಹನ್ನೊಂದು. ಎಪ್ಪತ್ತು ದಾಟಲಿ ದೇವರೇ, ಬರೀ ಅದೃಷ್ಟವಾಗಿರಲಿ ಅಂದುಕೊಂಡೆ. ಬೇರೆ ಯಾರಾದರೂ ಹೌಸ್ ಅನ್ನಲಿ ಅಂತಲೂ... ಥೂ.

ಇಪ್ಪತ್ತಾರನೇ ನಂಬರಿಗೆ ಅವಳಿಗೆ ಹೌಸ್. ಇಷ್ಟು ಬೇಗ ಯಾರಿಗೂ ಆಗಿರಲಿಲ್ಲ.

ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು. "ಬಂತು ನೋಡಿ! ಇದರಲ್ಲೂ ಮೋಸ ಅಂತೀರಾ?"

"ಇಲ್ಲ ಕಣೇ. ನಿನ್ನ ಅದೃಷ್ಟ."

ಕನ್ನಡಿಯ ಮುಂದೆ ಕೂದಲು ಸರಿ ಮಾಡಿಕೊಳ್ಳುತ್ತಿದ್ದಾಳೆ. ಚೀಲ ತಾನೇ ಇಸಿದುಕೊಳ್ಳಬೇಕಂತೆ, ನಾನು ಹೋಗಕೂಡದಂತೆ. ಇದನ್ನು ಯಾಕೆ ಬರೆಯುತ್ತಿದ್ದೇನೋ... ಕೈ ಸುಮ್ಮನಿರುತ್ತಿಲ್ಲ. ಗೇಟಿನ ಸದ್ದು. ಟೀಚರ್, ಕೈಯಲ್ಲಿ ಚೀಲ. ಬಾಗಿಲಿಗೆ ಇಲ್ಲಿಂದ ಹನ್ನೆರಡು ಹೆಜ್ಜೆ. ಅವಳ ಹೆಜ್ಜೆ ಎಣಿಸುತ್ತಿದ್ದೇನೆ. ಒಂದು, ಎರಡು, ಮೂರು. ನಾಲ್ಕಕ್ಕೆ ನಿಂತಳು. ಗೋಡೆಗೆ ಕೈ ಕೊಟ್ಟು, ಏದುಸಿರಿನಲ್ಲಿ ನನ್ನ ಕಡೆ ತಿರುಗಿ—