ಬ್ರೈಪ್ ಎಂಬ ಹಸಿರು ಪ್ರಾಣಿ

ಬರ್ನ್ಲಿ
ಮೇ ೧೪, ಮಂಗಳವಾರ

ಕ್ರೇಗ್,

'ಪ್ರೀತಿಯ' ಎಂದು ಬರೆಯಲು ಕೈ ಬರಲಿಲ್ಲ, ಬರೀ ಹೆಸರು ಸಾಕು. ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದೇನೆ, ಅದಕ್ಕೇ ಈ ಕಾಗದ. ನೀನು ನಡುವೆ ಬಾಯಿ ಹಾಕದೆ ಒಮ್ಮೆಯಾದರೂ ನನ್ನ ಮಾತು ಮುಗಿಯಲಿ.

ಇವತ್ತು ಶಾಲೆಯಲ್ಲಿ ಮೇಬಲ್‌ಗೆ ಓದಿನ ಅಭ್ಯಾಸ ಪರೀಕ್ಷೆ ಇತ್ತು. ಅದರಲ್ಲಿನ 'ಅನ್ಯಗ್ರಹದ ಪದ'ಗಳನ್ನೆಲ್ಲ ನಮ್ಮ ಮಗಳು ತಪ್ಪಾಗಿ ಓದಿದ್ದಾಳೆ. ಜೂನ್‌ನಲ್ಲಿ ನಿಜವಾದ ಪರೀಕ್ಷೆ. ಆಗಲೂ ಹೀಗೇ ಆದರೆ ಮುಂದಿನ ವರ್ಷ ಗೆಳತಿಯರು ಕಥೆ ಕೇಳುವ ಹೊತ್ತಿಗೆ ಇವಳನ್ನು ಬೇರೆ ಕೂರಿಸಿ ಅಕ್ಷರಗಳ ಸದ್ದು ಕಲಿಸುತ್ತಾರೆ.

ಇದೆಲ್ಲ ನಿನ್ನ ಅತಿಜಾಣತನದ ಫಲ. ಐ, ಜಿ, ಎಚ್ ಮೂರೂ ಸೇರಿದರೆ 'ಆಯ್' ಅನ್ನುವ ಒಂದೇ ಸದ್ದು ಎಂದು ಚಳಿಗಾಲವಿಡೀ ಅಡುಗೆಮನೆಯಲ್ಲಿ ಅವಳ ಮುಂದೆ ಕೂತು ಗಂಟಲು ಹರಿದುಕೊಂಡವಳು ನಾನು. ಮಗು ಸದ್ದು ಕೂಡಿಸಿ ಓದುತ್ತಿದೆಯೋ, ಬಾಯಿಪಾಠ ಒಪ್ಪಿಸುತ್ತಿದೆಯೋ ತಿಳಿಯಲೆಂದೇ ಅರ್ಥವಿಲ್ಲದ ಪದ ಕೊಟ್ಟು, ಪಕ್ಕದಲ್ಲೊಂದು ಅನ್ಯಗ್ರಹದ ಹಸಿರು ಪ್ರಾಣಿ ಬರೆದು, ಇದು ಅದರ ಹೆಸರು ಅನ್ನುತ್ತಾರೆ. ಇಷ್ಟು ಇಡೀ ಊರಿಗೆ ಗೊತ್ತು. ನೀನೋ, ಶನಿವಾರ ಅವಳನ್ನು ನಿಮ್ಮಮ್ಮನ ಮನೆಗೆ ಕರೆದೊಯ್ದು, ವಿನೆಗರ್ ಚಿಮುಕಿಸಿದ ಚಿಪ್ಸ್ ತಿನ್ನಿಸುತ್ತಾ, ಶಾಲೆಯವರು ಕೊಟ್ಟ ಆ ಪದಗಳ ಕಾರ್ಡುಗಳನ್ನೆಲ್ಲ ಪೆನ್ನು ಹಿಡಿದು ತಿದ್ದಿದೆ! 'ಬ್ರೈಪ್' ಹೊಡೆದುಹಾಕಿ 'ಬ್ರೈಟ್' ಮಾಡಿದೆ. "ನಿಮ್ ಟೀಚರ್‌ಗೇ ಸ್ಪೆಲಿಂಗ್ ಬರಲ್ಲ ಪುಟ್ಟಿ, ಅಪ್ಪ ಸರಿ ಮಾಡ್ತೀನಿ ಕೊಡು" ಅಂದೆಯಂತೆ. ಕಾರ್ಡುಗಳಿಗೆ ಇನ್ನೂ ವಿನೆಗರ್ ವಾಸನೆ ಇದೆ.

ಭಾನುವಾರ ನಿಮ್ಮ ಬಾಗಿಲಲ್ಲಿ ನಿಂತು ಕೇಳಿದರೆ, "ಏನೇ ಜೋಸಿ, ಮಗು ಭೂಮಿ ಮೇಲಿನ ಮಾತು ಓದ್ಲಿ ಸಾಕು. ನಾನು ಮಂಗಳ ಗ್ರಹಕ್ಕೆ ಬಸ್ ಓಡಿಸೋ ದಿನ ಬಂದಾಗ ಅದನ್ನ ನೋಡ್ಕೊಳೋಣ" ಅಂದೆ. ಹಿಂದಿನಿಂದ ನಿಮ್ಮಮ್ಮ ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಟೀಚರ್ ಮಿಸೆಸ್ ಹೇಡಾಕ್ ಶುಕ್ರವಾರ ಮೂರೂವರೆಗೆ ನಮ್ಮಿಬ್ಬರನ್ನೂ ಕರೆದಿದ್ದಾರೆ. ನಾನೊಬ್ಬಳೇ ಬರುತ್ತೇನೆ ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟೆ. ಆ ಪುಟಾಣಿ ಕುರ್ಚಿಗಳಲ್ಲಿ ನಿನ್ನ ಮೊಣಕಾಲು ತಾಗಿಸಿಕೊಂಡು ಕೂರುವ ಗ್ರಹಚಾರ ನನಗೆ ಬೇಡ. ನೀನು ಬರಬೇಡ. ಜೂನ್ ಪರೀಕ್ಷೆ ಮುಗಿಯುವವರೆಗೆ ಶನಿವಾರಗಳೂ ಇಲ್ಲ. ವಕೀಲರ ಹತ್ತಿರ ಹೋಗುವುದಾದರೆ ಧಾರಾಳವಾಗಿ ಹೋಗು.

ನಿಜ ಹೇಳಲೇ? ನಾನು ಪುಸ್ತಕ ತೆರೆದರೆ ಅವಳು ಆಕಳಿಸುತ್ತಾಳೆ. ನಿನ್ನ ಜೊತೆಗಾದರೆ ದಾರಿಯುದ್ದಕ್ಕೂ ಬಸ್ಸಿನ ಬೋರ್ಡು, ಅಂಗಡಿ ಬೋರ್ಡು ಓದಿಕೊಂಡು ಕುಣಿಯುತ್ತಾಳೆ. ಕಷ್ಟಪಟ್ಟು ಕಲಿಸುವವಳು ನಾನು, ಅವಳು ಓದಿ ತೋರಿಸುವುದು ನಿನಗೆ. ಹೊಟ್ಟೆ ಉರಿಯದೆ ಇನ್ನೇನಾದೀತು?

ಇನ್ನೆಂದೂ ನಿನ್ನವಳಲ್ಲದ,
ಜೋಸಿ

ತಾ.ಕ.: ಬುಧವಾರ ಬೆಳಿಗ್ಗೆ. ತಿಂಡಿ ತಿನ್ನುತ್ತಾ ಮೇಬಲ್, ಶುಕ್ರವಾರ ಅಪ್ಪನೂ ಸ್ಕೂಲಿಗೆ ಬರ್ತಾನಾ ಎಂದು ಕೇಳಿದಳು. ಇಲ್ಲ, ನಾನೊಬ್ಬಳೇ ಎಂದೆ. ಚಮಚ ಬಿಸಾಡಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ತಾನೇ ಹೋಗಿ ಕಾರ್ಡುಗಳನ್ನು ತಂದು, ನಿನ್ನ ಗೀಚಾಟದ ಕೆಳಗಿದ್ದ ಪದಗಳನ್ನೆಲ್ಲ ಎಲ್ಲೂ ತಡವರಿಸದೆ ಓದಿದಳು. ಬ್ರೈಪ್ ಅನ್ನೂ ಬ್ರೈಪ್ ಎಂದೇ. ಮತ್ತೆ ನಿನ್ನೆ ಯಾಕೆ ಹಾಗೆ ಓದಿದೆ ಎಂದರೆ, "ನಮ್ ಕ್ಲಾಸ್ ರೂಬೆನ್‌ಗೆ ಓದಕ್ಕೆ ಬರಲ್ಲ ಅಂತ ಅವರಪ್ಪ ಅಮ್ಮ ಇಬ್ರೂ ಒಟ್ಟಿಗೆ ಸ್ಕೂಲಿಗೆ ಬಂದಿದ್ರು" ಅಂದಳು.

ಕೆಲಸಕ್ಕೆ ಹೋಗುವಾಗ ಇದನ್ನು ನಿಮ್ಮಮ್ಮನ ಮನೆ ಬಾಗಿಲ ಸಂದಿಯಲ್ಲಿ ಹಾಕಿ ಹೋಗುತ್ತೇನೆ. ನಿನ್ನ ಬಗ್ಗೆ ಮೇಲೆ ಬರೆದದ್ದರಲ್ಲಿ ಒಂದಕ್ಷರವನ್ನೂ ಅಳಿಸುವುದಿಲ್ಲ. ಆದರೆ ಮೂರೂವರೆಗೆ ಬಾ, ನನ್ನ ಪಕ್ಕದಲ್ಲೇ ಕೂರು. ಅವಳು ಕಿಟಕಿಯಿಂದ ನೋಡುತ್ತಿರುತ್ತಾಳೆ.