ಸಾರು ಬಿಡುವ ಹರಕೆ

ಕಿತಾಕತ
ಫೆಬ್ರವರಿ ೨೧

ಪ್ರಿಯ ತೊಕುಜಿ,

ನಿಮ್ಮ ಮನೆಯಲ್ಲಿ ಚಳಿ ಹೇಗಿದೆ ಎಂದು ಕೇಳುವುದು ಹುಚ್ಚುತನ. ಎರಡು ಬೀದಿ ಆಚೆಗಿನ ಮನೆಗೆ ಬೇರೆ ಚಳಿ ಎಲ್ಲಿಂದ ಬರಬೇಕು? ಆದರೂ ಕಾಗದ ಎಂದ ಮೇಲೆ ಹವೆಯಿಂದಲೇ ಶುರುವಾಗಬೇಕು, ನಮ್ಮ ಮೇಷ್ಟರು ಕಿವಿ ಹಿಂಡಿ ಕಲಿಸಿದ್ದಾರೆ. ಮೊನ್ನೆ ಸೂರಿನ ಹಿಮ ಧೊಪ್ಪೆಂದು ಜಾರಿ ನನ್ನ ಬಾಗಿಲೇ ಮುಚ್ಚಿಹೋಗಿತ್ತು. ಸಲಿಕೆ ಹಿಡಿದು ತೋಡಿ ಸೊಂಟ ಹಿಡಿದುಕೊಂಡಿದೆ.

ಡಿಸೆಂಬರಿನಲ್ಲಿ ಸುಮಿಯ ಕೈಯಲ್ಲಿ ನೀನು ಕಳಿಸಿದ ಒಣಗಿಸಿದ ಕಾಕಿ ಹಣ್ಣಿಗೆ ಇಷ್ಟು ತಡವಾಗಿ ಥ್ಯಾಂಕ್ಸ್ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನಿನ್ನ ಹೆಂಡತಿ ಸುಮಿ ಹಣ್ಣು ಒಣಗಿಸುವುದರಲ್ಲಿ ಎತ್ತಿದ ಕೈ. ಕಾಯಿಲೆ ಗಂಡನನ್ನು ಮನೆಯಲ್ಲಿಟ್ಟುಕೊಂಡೂ ನನ್ನ ನೆನಪು ಮಾಡಿಕೊಂಡಳಲ್ಲ ಎಂದು ಅವತ್ತು ಕಣ್ಣು ತುಂಬಿ ಬಂದಿತ್ತು. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ, ತಾಳು.

ಮಿನೆಕೊಳ ರಾಮೆನ್ ಅಂಗಡಿ ಎಂದಿನಂತೆಯೇ ಇದೆ. ಭಾನುವಾರ ಬೆಳಗ್ಗೆ ಅದೇ ಜನ, ಅದೇ ಹಬೆ. ನಿನ್ನ ಸ್ಟೂಲಿನ ಮೇಲೆ ನನ್ನ ಟೋಪಿ ಇಟ್ಟು ಕೂರುತ್ತೇನೆ. ಯಾರಾದರೂ ಕೂರಲು ಬಂದರೆ, "ಅದು ತೊಕುಜಿದು. ಕಿಡ್ನಿ ಸರಿಹೋದ್ಮೇಲೆ ಬರ್ತಾನೆ" ಎಂದು ಗದರುತ್ತೇನೆ. ಕಳೆದ ಶರತ್ಕಾಲದಲ್ಲಿ ನೀನು ಮುಖ ಸಪ್ಪಗೆ ಮಾಡಿಕೊಂಡು, "ಡಾಕ್ಟ್ರು ಉಪ್ಪು ಮುಟ್ಟಬೇಡ ಅಂದ್ರು ಕಣೋ ಶೋಹೇ, ರಾಮೆನ್ ಇನ್ನು ಈ ಜನ್ಮಕ್ಕಿಲ್ಲ" ಎಂದೆಯಲ್ಲ, ಆಮೇಲೆ ನಾನು ಏನು ಮಾಡಿದೆ ಎಂದು ನಿನಗೆ ಹೇಳಿರಲಿಲ್ಲ. ಬೆಟ್ಟದ ಬುಡದ ಗುಡಿಗೆ ಹೋಗಿ ಹರಕೆ ಹೊತ್ತೆ. ನಿನ್ನ ಕಿಡ್ನಿ ವಾಸಿಯಾಗುವ ತನಕ ರಾಮೆನ್ನಿನ ಸಾರು ಕುಡಿಯುವುದಿಲ್ಲ ಎಂದು. ಪೂರ್ತಿ ರಾಮೆನ್ನೇ ಬಿಡುತ್ತೇನೆ ಎನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ, ದೇವರಿಗೂ ಅದು ಗೊತ್ತು. ಆದರೆ ಸಾರು ಬಿಡುವುದೆಂದರೆ ಸಣ್ಣ ಮಾತೇ? ನೂಡಲ್ಸ್ ಮಾತ್ರ ತಿಂದು ತುಂಬಿದ ಬಟ್ಟಲನ್ನು ಹಾಗೇ ತಳ್ಳಿದಾಗಲೆಲ್ಲ ಮಿನೆಕೊ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದಳು. "ನನ್ನ ಕೈರುಚಿ ಕೆಟ್ಟಿದ್ರೆ ನೇರವಾಗಿ ಹೇಳಿ, ಹೀಗೆ ಬಿಟ್ಟು ಹೋಗ್ಬೇಡಿ" ಎಂದು ಒಮ್ಮೆ ಅತ್ತೇಬಿಟ್ಟಳು. ಹರಕೆಯ ಮಾತು ಹೊರಗೆ ಆಡಬಾರದು. ಬೈಸಿಕೊಂಡು ಸುಮ್ಮನೆ ಬಂದೆ.

ಹೋದ ವಾರ ಕನ್ನಡಕದ ಕೆಲಸಕ್ಕೆ ರೈಲು ಹತ್ತಿ ವಾಕಾಮಾತ್ಸುಗೆ ಹೋಗಬೇಕಾಯಿತು. ಕನ್ನಡಕದ ಅಂಗಡಿ ತೆರೆಯಲು ಇನ್ನೂ ಹೊತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಒಂದು ಪುಟ್ಟ ರಾಮೆನ್ ಅಂಗಡಿ ಕಂಡಿತು. ಎಲ್ಲಿಯದು ಎಂದು ನಿನಗೆ ನಾನು ಗುರುತು ಹೇಳಬೇಕಾಗಿಲ್ಲ. ಬಾಗಿಲ ಪರದೆ ಸರಿಸಿ ಒಳಗೆ ಹೋಗಿ, ಯಂತ್ರಕ್ಕೆ ದುಡ್ಡು ಹಾಕಿ, ಗುಂಡಿ ಒತ್ತಿ, ರಾಮೆನ್ನಿನ ಚೀಟಿ ತೆಗೆದುಕೊಂಡು ಕಟ್ಟೆಯ ಮೇಲಿಟ್ಟೆ. ತಲೆಗೆ ಟವೆಲ್ ಸುತ್ತಿದ್ದ ಯಜಮಾನ, "ಹೇಗೆ ಮಾಡ್ಲಿ ಅಜ್ಜ?" ಎಂದ.

ಆ ಕ್ಷಣಕ್ಕೆ ನಿನ್ನ ನೆನಪಾಯಿತು. ಪಾಪ, ನೀನಂತೂ ತಿನ್ನುವ ಹಾಗಿಲ್ಲ, ನಿನ್ನ ಹೆಸರಿನಲ್ಲಿ ಇವತ್ತು ನಾನೇ ತಿಂದುಬಿಡೋಣ ಅನ್ನಿಸಿತು. ಅದಕ್ಕೆ ನಿನ್ನ ಆ ವಿಚಿತ್ರ ಆರ್ಡರನ್ನೇ ಹೇಳಿದೆ. ಕೊಬ್ಬು ಬೇಡ, ಕಳಲೆ ಎರಡು ಪಾಲು, ಈರುಳ್ಳಿ ದಂಟು ಬೇರೆ ಬಟ್ಟಲಲ್ಲಿ, ಅದನ್ನು ಕೊನೆಗೆ ಸಾರಿಗೆ ಸುರಿದುಕೊಳ್ಳುವುದು, ಜೊತೆಗೆ ಒಂದು ಚಮಚ ವಿನೆಗರ್.

ಯಜಮಾನ ಸೌಟು ಹಿಡಿದವನು ಹಾಗೇ ನಿಂತ. "ಅರೇ! ಇದು ತೊಕುಜಿ ಯಜಮಾನ್ರ ರಾಮೆನ್ ಅಲ್ವಾ? ನೀವೂ ಕಿತಾಕತದೋರಾ? ಗೊತ್ತಾ ಅವರು?"

ಬಾಯಿಗೆ ಹೇಗೆ ಬಂತೋ, "ಒಂದೇ ಊರು, ಮುಖ ಕಂಡು ಗೊತ್ತು" ಎಂದೆ.

"ಒಳ್ಳೆ ಮಜಾ ಮನುಷ್ಯ ಕಣ್ರೀ. ಭಾನುವಾರ ನಾನು ಬಾಗಿಲು ತೆಗೆಯೋ ಹೊತ್ತಿಗೆ ಹಾಜರ್. ಹಿಮ ಬೀಳ್ಲಿ, ಆಕಾಶವೇ ಬೀಳ್ಲಿ."

"ಅವರಿಗೆ ಕಿಡ್ನಿ ಸರಿಯಿಲ್ಲ ಅಂತ ಕೇಳಿದ್ದೆ."

"ಯಾರಿಗೆ, ಅವರಿಗಾ? ಬಿಡೀಪ್ಪ! ಸಾರೆಲ್ಲ ಕುಡಿದು ಬಟ್ಟಲ ತಳ ನನಗೆ ತೋರಿಸ್ತಾರೆ. ಹೋದ ವಾರ ಇನ್ನೊಂದು ಸೌಟು ಹಾಕಿಸ್ಕೊಂಡ್ರು."

ಪಕ್ಕದಲ್ಲಿ ಕೂತಿದ್ದ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಅವರು ಬಂದ್ರೆ ಇಲ್ಲಿ ಯಾರೂ ನೆಟ್ಟಗೆ ನೂಡಲ್ಸ್ ನುಂಗೋಕಾಗಲ್ಲ. ಅಷ್ಟು ನಗಿಸ್ತಾರೆ."

ಭಾನುವಾರ ಮಧ್ಯಾಹ್ನ ಉಪ್ಪಿಲ್ಲದ ಗಂಜಿ ಕಾಯಿಸಿಕೊಂಡು ನಾನು ನಿಮ್ಮ ಮನೆ ಬಾಗಿಲಿಗೆ ಬರುತ್ತಿದ್ದೆನಲ್ಲ, ಸುಮಿ "ಮಲಗಿದ್ದಾರೆ" ಎಂದು ನೆಲ ನೋಡುತ್ತಾ ಪಾತ್ರೆ ಇಸಿದುಕೊಳ್ಳುತ್ತಿದ್ದಳಲ್ಲ, ಅವೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ನೀನು ಸಾರು ಕುಡಿದು ಬಂದು ಒಳಗೆ ಬೆಚ್ಚಗೆ ಮಲಗಿರುತ್ತಿದ್ದೆ. ಆ ಗಂಜಿಯನ್ನು ಯಾರಿಗೆ ಹಾಕುತ್ತಿದ್ದಿರಿ, ಬೆಕ್ಕಿಗೋ?

ರಾಮೆನ್ ಬಂತು. ತಿಂದೆ. ಈರುಳ್ಳಿ ಸುರಿದುಕೊಂಡು, ಬಟ್ಟಲು ಎತ್ತಿ, ಸಾರನ್ನು ಒಂದು ತೊಟ್ಟೂ ಬಿಡದೆ ಕುಡಿದೆ. ಹರಕೆ ಮುರಿಯಿತು ಎಂದು ನನಗನ್ನಿಸಲಿಲ್ಲ. ಕಾಯಿಲೆಯೇ ಇಲ್ಲದವನ ಹರಕೆಯನ್ನು ದೇವರು ಎಲ್ಲಿ ಇಟ್ಟುಕೊಂಡಾನು? ರುಚಿಯಾಗಿತ್ತು, ಹಾಳಾದದ್ದು. ಮಿನೆಕೊಳದಕ್ಕಿಂತ ರುಚಿಯಾಗಿತ್ತು ಎನ್ನುವುದಕ್ಕೂ ನಿನ್ನ ಮೇಲೇ ಸಿಟ್ಟು ಬಂತು.

ನೋಡು ತೊಕು, ನೀನು ಬೇರೆ ಅಂಗಡಿಗೆ ಹೋಗುವುದು ನಿನ್ನಿಷ್ಟ. ಬೇರೆಯವರೊಂದಿಗೆ ನಗುವುದೂ ನಿನ್ನಿಷ್ಟ. ಆದರೆ ಕಾಯಿಲೆಯ ಸುಳ್ಳು ಹೇಳುವುದೇ? ನೀನು ಸಾಯುತ್ತೀಯೆಂದು ನಾನು ಹೆದರಿದ್ದೆ ಕಣೋ. ಚಳಿಯಲ್ಲಿ ಗುಡಿಯ ಮುಂದೆ ನಿಂತು ಕೈಮುಗಿದು, "ಇವನೊಬ್ಬನನ್ನಾದರೂ ಉಳಿಸು" ಎಂದು ಬೇಡಿದ್ದೆ. ದೇವರ ಮುಂದೆಯೂ ನನ್ನನ್ನು ಪೆದ್ದನನ್ನಾಗಿ ಮಾಡಿದೆ. ಇಂಥ ಮೋಸವನ್ನು ಶತ್ರುವೂ ಮಾಡುವುದಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ನಾನು ಕೇಳುವುದಿಲ್ಲ. ನೀನೂ ಬಂದು ಏನೂ ಹೇಳಬೇಡ.

ನಿನ್ನ ಮೊಮ್ಮಗಳು ಏಪ್ರಿಲ್‌ನಲ್ಲಿ ಶಾಲೆಗೆ ಸೇರುತ್ತಾಳಂತೆ. ಅವಳ ತಲೆ ಮುಟ್ಟಿ ನನ್ನ ಆಶೀರ್ವಾದ ಹೇಳು. ಓದಿ ದೊಡ್ಡವಳಾಗಲಿ, ಅಜ್ಜನ ಬುದ್ಧಿ ಬಾರದಿರಲಿ. ಸುಮಿಯ ಮಂಡಿ ನೋವು ವಾಸಿಯಾಗಲಿ. ನಿನಗೂ ದೇವರು ಗಟ್ಟಿ ಆಯುಷ್ಯ ಕೊಡಲಿ. ಕಿಡ್ನಿಯಂತೂ ಗಟ್ಟಿಯಾಗಿಯೇ ಇದೆ.

ನಿನ್ನ,
ಶೋಹೇ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಯಾಕೆ ಎಂದು ಕೇಳುವುದಿಲ್ಲ ಎಂದೆನಲ್ಲ, ಕೇಳಬೇಕಾಗಿಯೇ ಇಲ್ಲ. ಅದನ್ನೂ ಆ ಯಜಮಾನನೇ ಹೇಳಿದ. "ಬೀದಿಗೊಂದು ರಾಮೆನ್ ಅಂಗಡಿ ಇರೋ ಊರು ಬಿಟ್ಟು ಇಲ್ಲಿಗ್ಯಾಕೆ ಬರ್ತೀರಿ ಅಂತ ಅವರನ್ನ ಒಮ್ಮೆ ಕೇಳ್ದೆ. ಅಲ್ಲಿ ಒಬ್ಬ ಗೆಳೆಯ ಇದ್ದಾನಂತೆ. ಹೆಂಡ್ತಿ ಸತ್ತಾಗಿಂದ ಬಟ್ಟಲ ಮುಂದೆ ಕೂತ್ರೆ ಅವಳದೇ ಪುರಾಣವಂತೆ. 'ಅವನ ಪಕ್ಕ ಕೂತ್ರೆ ಪ್ರತಿ ಭಾನುವಾರ ತಿಥಿ ಊಟ ಕಣಪ್ಪ' ಅಂತಾರೆ!" ಹೀಗೆಂದು ಮೂಗೆಳೆದು, ನಿಟ್ಟುಸಿರು ಬಿಟ್ಟು ಅಣಕಿಸಿ ತೋರಿಸಿದ. ಅದು ನನ್ನದೇ ನಿಟ್ಟುಸಿರು. ನೀನು ಮಾಡಿ ತೋರಿಸದೆ ಅವನಿಗೆ ಹೇಗೆ ಬರಬೇಕು?

ನನ್ನ ಫುಸಾಳ ಮಾತನ್ನು ನಾನು ಮಗನ ಹತ್ತಿರವೂ ಆಡಿದವನಲ್ಲ. ಅವಳು ಎರಡು ಜಡೆ ಹಾಕಿಕೊಂಡು ಶಾಲೆಗೆ ಬರುತ್ತಿದ್ದುದನ್ನು ನನ್ನ ಜೊತೆ ನೋಡಿದವನು ಇನ್ನು ಉಳಿದಿರುವುದು ನೀನೊಬ್ಬನೇ ಎಂದು ನಿನ್ನ ಹತ್ತಿರ ಆಡುತ್ತಿದ್ದೆ.

ಅಂಗಡಿಯಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ ತೊಕು, ಎಲ್ಲರಿಗಿಂತ ಜೋರಾಗಿ. ಆ ಗೆಳೆಯ ನಾನೇ ಎಂದು ಅವರಿಗೆ ಗೊತ್ತಾಗಬಾರದಲ್ಲ.